ತೊಳೆದ ಡಬ್ಬಿ

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಎರಡು ಸಾಲು ಒಲೆಗಳಿವೆ. ಬಾಗಿಲ ಪಕ್ಕದ ಸಾಲಿನಲ್ಲಿ ಈರುಳ್ಳಿ ಹುರಿಯುತ್ತದೆ, ಎಣ್ಣೆ ಸಿಡಿಯುತ್ತದೆ, ಅಡುಗೆಯವರು ಹರಟೆ ಹೊಡೆಯುತ್ತಾರೆ. ಅದು ಕೈಕಾಲು ಮುರಿದುಕೊಂಡವರಿಗೆ, ಹೆರಿಗೆಯಾದವರಿಗೆ, ಒಟ್ಟಿನಲ್ಲಿ ನಾಲಿಗೆ ನೆಟ್ಟಗಿದ್ದು ಬೇರೇನೋ ಕೆಟ್ಟವರಿಗೆ. ಒಳಗಿನ ಗೋಡೆಯ ಪಕ್ಕದ ಸಾಲಿನಲ್ಲಿ ಏನೂ ಸಿಡಿಯುವುದಿಲ್ಲ. ಉಪ್ಪಿಲ್ಲದ ಗಂಜಿ, ಎಣ್ಣೆಯಿಲ್ಲದ ತರಕಾರಿ, ಸಕ್ಕರೆಯಿಲ್ಲದ ಹಾಲು. ಆ ಸಾಲಿನ ಒಡತಿ ಸಪ್ಪಕ್ಕ.

ನಾನು ಅದೇ ಆಸ್ಪತ್ರೆಯಲ್ಲಿ ಊಟದ ಗಾಡಿ ತಳ್ಳುವವಳು. ಅಕ್ಕ ಬೇಯಿಸಿದ್ದನ್ನು ಹಾಸಿಗೆಗಳಿಗೆ ಮುಟ್ಟಿಸುವುದು, ಹಾಸಿಗೆಯವರು ಬೈದದ್ದನ್ನು ಅಕ್ಕನಿಗೆ ಮುಟ್ಟಿಸುವುದು ನನ್ನ ಕೆಲಸ, ಎರಡನೆಯದಕ್ಕೆ ಸಂಬಳವಿಲ್ಲ. ಒಮ್ಮೆ ಹೃದಯದ ವಾರ್ಡಿನ ಮುದುಕರೊಬ್ಬರು ತಟ್ಟೆ ನೋಡಿ, "ಇದನ್ನ ಮಾಡಿದ ಸಪ್ಪೆ ಅಕ್ಕನಿಗೆ ಹೇಳಮ್ಮ, ನಾನು ನಾಳೆನೇ ವಾಸಿಯಾಗಿಬಿಡ್ತೀನಿ. ಇನ್ನೊಂದು ಹೊತ್ತು ಇದನ್ನ ತಿನ್ನೋ ಶಕ್ತಿ ನನಗಿಲ್ಲ" ಎಂದರು. ನಾನು ಬಂದು ಅದನ್ನು ಹೇಳಿದ ಹಾಗೇ ಒಪ್ಪಿಸಿದೆ. ಅಕ್ಕ ಸೌಟು ತಿರುಗಿಸುತ್ತಲೇ, "ವಾಸಿಯಾಗ್ಲಿ ಅಂತಾನೇ ಅಲ್ವೇನೇ ನಾನು ಮಾಡೋದು" ಎಂದಳು. ಅಂದಿನಿಂದ ಸಪ್ಪಕ್ಕ ಎಂಬ ಹೆಸರು ಅಂಟಿಕೊಂಡಿತು. ಅವಳಿಗೂ ಬೇಸರವೇನಿರಲಿಲ್ಲ.

ಅವಳಿಗೆ ತನ್ನ ಅಡುಗೆಯ ಮೇಲೆ ಅಪಾರ ನಂಬಿಕೆ. ಕಾಲು ಊದಿಕೊಂಡು ಬಂದವರು ಅವಳ ಊಟ ತಿಂದು, ತಮ್ಮ ಚಪ್ಪಲಿ ತಾವೇ ಮೆಟ್ಟಿಕೊಂಡು ಮನೆಗೆ ಹೋಗುವುದನ್ನು ಕಣ್ಣಾರೆ ನೋಡಿದವಳು. ಡಾಕ್ಟರು ಕೊಟ್ಟ ಮಾತ್ರೆಗೂ ಅದರಲ್ಲಿ ಪಾಲಿದೆ ಎಂದು ಯಾರಾದರೂ ಅಂದರೆ ಮುಖ ಗಂಟು ಹಾಕುತ್ತಿದ್ದಳು. "ಮಾತ್ರೆ ಇರುತ್ತಮ್ಮ, ಇಲ್ಲ ಅನ್ನಲ್ಲ. ಆದ್ರೆ ಹೊಟ್ಟೆಗೆ ಹೋಗೋದು ಸರಿ ಇಲ್ದಿದ್ರೆ ಮಾತ್ರೆ ಏನ್ ಮಾಡುತ್ತೆ?" ವಾಸಿಯಾಗದೆ ಉಳಿದವರನ್ನು ಕಂಡರೆ ಅವಳ ಬಾಯಲ್ಲಿ ಒಂದೇ ಮಾತು: "ಕದ್ದು ತಿಂದಿರಬೇಕು." ನಾನು ಎಷ್ಟೋ ಸಲ ರೇಗಿದ್ದೇನೆ. ಸತ್ತವರ ಮೇಲೂ ಕಳ್ಳತನ ಹೊರಿಸುತ್ತೀಯಲ್ಲೇ ತಾಯಿ ಎಂದಿದ್ದೇನೆ. ಅವಳು ಜಗ್ಗುತ್ತಿರಲಿಲ್ಲ.

ನಮ್ಮದೂ ಅವರದೂ ಎದುರುಬದುರು ಮನೆ, ಒಂದೇ ಮಹಡಿ. ಅವಳು ಅಕ್ಕನಾದ ಮೇಲೆ ಅವಳ ಗಂಡ ನನಗೆ ಭಾವ. ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಭಾವನದು ಬೀಗ ರಿಪೇರಿ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಮಾರ್ಕೆಟ್ ಬೀದಿಯ ಎರಡು ಕಟ್ಟಡಗಳ ನಡುವೆ ಬಾಗಿಲಷ್ಟೇ ಅಗಲದ ಜಾಗ, ಒಂದು ಸ್ಟೂಲು, ಕೀಲಿ ಉಜ್ಜುವ ಅರ, ಗೋಡೆಯ ತುಂಬ ನೇತಾಡುವ ಕೀಲಿಗಳು. ತಮಾಷೆ ಮಾಡದೆ ಅವರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. "ಊರವರ ಬೀಗ ಎಲ್ಲಾ ತೆಗೀತೀನಿ. ನಿಮ್ಮಕ್ಕ ನನ್ನ ಬಾಯಿಗೊಂದು ಹಾಕಿದ್ದಾಳಲ್ಲ, ಅದರ ಕೀಲಿ ಮಾತ್ರ ನನ್ನ ಹತ್ರ ಇಲ್ಲ" ಎನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ, "ಇದ್ದಿದ್ರೆ ಇಷ್ಟೊತ್ತಿಗೆ ಗೋಡೆ ಮೇಲೆ ಫೋಟೋ ಆಗಿರ್ತಿದ್ರಿ" ಎಂದು ಕೂಗುತ್ತಿದ್ದಳು.

ಅವರಿಬ್ಬರ ನಡುವೆ ಒಂದು ಬೆಕ್ಕು. ಮರಿಯಾಗಿದ್ದಾಗ ಅಂಗಡಿಯ ನೆರಳಿಗೆ ಬಂದು, ಬಾಗಿಲ ಚಿಲಕದಿಂದ ಇಳಿಬಿಟ್ಟ ದಾರಕ್ಕೆ ಜೋತುಬಿದ್ದು ಏನು ಮಾಡಿದರೂ ಬಿಡಲಿಲ್ಲವಂತೆ. ಭಾವ ಅದಕ್ಕೆ ಚಿಲಕ ಎಂದೇ ಹೆಸರಿಟ್ಟರು. ಬೆಳಿಗ್ಗೆ ಅವರ ಸೈಕಲ್ಲಿನ ಬುಟ್ಟಿಯಲ್ಲಿ ಕೂತು ಅಂಗಡಿಗೆ ಹೋಗುವುದು, ಸಂಜೆ ಅದೇ ಬುಟ್ಟಿಯಲ್ಲಿ ಗತ್ತಿನಿಂದ ವಾಪಸು ಬರುವುದು. ಬೀದಿಯವರು, "ಯಜಮಾನರು ಕೆಲಸ ಮುಗಿಸಿ ಬಂದ್ರು" ಎಂದು ನಗುತ್ತಿದ್ದರು. ಯಜಮಾನರು ಎಂದರೆ ಬೆಕ್ಕು. ಭಾವ ಡ್ರೈವರ್ ಲೆಕ್ಕ.

ಭಾವನ ಹೃದಯ ದುರ್ಬಲವಾಗಿದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಉಪ್ಪು ಬಿಡಬೇಕು ಎಂದು ಡಾಕ್ಟರು ಹೇಳಿದ ದಿನ ಅಕ್ಕ ಹೆದರಲಿಲ್ಲ. ಹೆದರಿದ್ದಳೇನೋ, ತೋರಿಸಲಿಲ್ಲ. "ಇಷ್ಟು ವರ್ಷ ಊರವರಿಗೆ ಮಾಡಿದ್ದು ನಿಮಗೆ ಮಾಡೋದು ಕಷ್ಟಾನಾ? ನೋಡ್ತಾ ಇರಿ, ಹುಡುಗನ ಥರಾ ಓಡಾಡಿಸ್ತೀನಿ" ಎಂದಳು. ಅಂದಿನಿಂದ ಮನೆಯಲ್ಲೂ ಒಳಗೋಡೆಯ ಸಾಲು ಶುರುವಾಯಿತು. ಉಪ್ಪಿನಕಾಯಿ ಭರಣಿಗಳು ನಮ್ಮ ಮನೆಗೆ ಬಂದವು. ಮಧ್ಯಾಹ್ನಕ್ಕೆಂದು ಸ್ಟೀಲ್ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ಬೇಯಿಸಿದ ಸೊಪ್ಪು, ಒಂದಿಷ್ಟು ಮೊಸರು ತುಂಬಿ ಕಳಿಸುತ್ತಿದ್ದಳು. ಗಂಡನಿಗೊಂದು, ತನಗೊಂದು ಎಂದು ಬೇರೆ ಬೇರೆ ಮಾಡಲಿಲ್ಲ. ತಾನೂ ಅದನ್ನೇ ತಿಂದಳು. ಇದು ಅವಳ ಬಗ್ಗೆ ಹೇಳಲೇಬೇಕಾದ ಮಾತು.

ಬೆಕ್ಕಿಗೂ ಅದನ್ನೇ ಹಾಕಿದಳು. "ಕಾಯಿಲೆ ಮನುಷ್ಯನಿಗೆ ಒಳ್ಳೇದು ಮಾಡೋ ಊಟ ಇಷ್ಟುದ್ದದ ಬೆಕ್ಕಿಗೆ ಕೆಟ್ಟದ್ದಾಗುತ್ತಾ?" ಸಂಜೆಯಾದರೆ ಸಣ್ಣ ಬಟ್ಟಲಿನಲ್ಲಿ ಹಿಸುಕಿದ ಅನ್ನ, ಕುಂಬಳಕಾಯಿ, ಕ್ಯಾರೆಟ್ಟು, ಕೆನೆ ತೆಗೆದ ಹಾಲು. ಚಿಲಕ ಮರ್ಯಾದಸ್ಥರ ಹಾಗೆ ಎರಡು ಸಲ ನೆಕ್ಕಿ, ಮೀಸೆ ಒರೆಸಿಕೊಂಡು ಹೋಗಿ ಭಾವನ ಪಕ್ಕ ಮಲಗುತ್ತಿತ್ತು. ಮಿತವಾಗಿ ತಿನ್ನುತ್ತದೆ ಎಂದು ಅಕ್ಕನಿಗೆ ಅದರ ಮೇಲೆ ಇನ್ನಷ್ಟು ಅಕ್ಕರೆ. ಮೈ ಮಾತ್ರ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿತ್ತು. ಅದನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, "ಮುಟ್ಟಿ ನೋಡೇ. ಒಂದು ತುಂಡು ಮಾಂಸ ಇಲ್ಲ, ಒಂದು ಕಲ್ಲು ಉಪ್ಪಿಲ್ಲ. ಹೇಗಿದೆ ನೋಡು ಸಪ್ಪೆ ಊಟದ ಮೈ!" ಎನ್ನುತ್ತಿದ್ದಳು. ಹಿಂದೆ ನಿಂತ ಭಾವ, "ಹೌದು ಹೌದು, ನಿಮ್ಮಕ್ಕನ ಕೈಗುಣ" ಎಂದು ತಲೆಯಾಡಿಸುತ್ತಿದ್ದರು. ಆಸ್ಪತ್ರೆಯ ನರ್ಸುಗಳಿಗೆಲ್ಲ ಆ ಬೆಕ್ಕಿನ ಕತೆ ಗೊತ್ತಿತ್ತು.

ಒಂದು ವಿಷಯ ಮಾತ್ರ ಅಕ್ಕನನ್ನು ಕೊರೆಯುತ್ತಿತ್ತು. ಭಾವ ಸಂಜೆ ತರುತ್ತಿದ್ದ ಡಬ್ಬಿ ಫಳಫಳ ತೊಳೆದಿರುತ್ತಿತ್ತು. ಮನೆಯಲ್ಲಿ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುವ ಗಂಡಸು, ಅಂಗಡಿಯಲ್ಲಿ ಸೋಪು ಹಾಕಿ ಡಬ್ಬಿ ತೊಳೆಯುತ್ತಾರೆಂದರೆ ಯಾವ ಹೆಂಡತಿ ನಂಬುತ್ತಾಳೆ? "ಊಟ ಚೆಲ್ಲಿ, ಗೊತ್ತಾಗ್ಬಾರ್ದು ಅಂತ ತೊಳ್ಕೊಂಡು ಬರ್ತಾರೆ ಕಣೇ" ಎಂದು ನನ್ನ ಹತ್ತಿರ ಪಿಸುಗುಟ್ಟಿದಳು. ಒಗೆಯಲು ತೆಗೆದ ಅಂಗಿಯ ತೋಳಿನಲ್ಲಿ ಮೀನಿನ ವಾಸನೆ ಬಂದ ದಿನ ಅವಳ ಅನುಮಾನ ಗಟ್ಟಿಯಾಯಿತು. ಅಂಗಡಿಯ ಪಕ್ಕದಲ್ಲೇ ಮೀನು ಮಾರುವಾಕೆಯ ಕಟ್ಟೆ. ಮೀನಮ್ಮ ಎಂದೇ ಬೀದಿಗೆಲ್ಲ ಪರಿಚಯ. ಮಧ್ಯಾಹ್ನ ಒಂದು ಬಾಣಲೆ ಇಟ್ಟು ಕರಿದೂ ಮಾರುತ್ತಾಳೆ. ಅಕ್ಕ ಅಂಗಿಯನ್ನು ಭಾವನ ಮೂಗಿಗೆ ಹಿಡಿದಳು. "ಪಕ್ಕದಲ್ಲೇ ಮೀನಿನ ಅಂಗಡಿ ಇದ್ರೆ ಮಲ್ಲಿಗೆ ವಾಸನೆ ಬರುತ್ತಾ?" ಎಂದು ಅವರು ನಕ್ಕರು. ಅವಳು ನಗಲಿಲ್ಲ.

ಹಾಗೆ ಒಂದೆರಡು ವರ್ಷ ಚೆನ್ನಾಗಿಯೇ ಇದ್ದ ಭಾವ ಒಂದು ಬೇಸಿಗೆಯಲ್ಲಿ ಕುಸಿದರು. ಕಾಲು ಊದಿತು, ಮೆಟ್ಟಿಲು ಹತ್ತಲು ಆಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಮ್ಮ ಆಸ್ಪತ್ರೆಯ ಹೃದಯದ ವಾರ್ಡಿನಲ್ಲೇ, ಕಿಟಕಿಯ ಪಕ್ಕದ ಹಾಸಿಗೆ. ಅಕ್ಕ ಕೆಳಗೆ ಬೇಯಿಸಿದ್ದನ್ನು ನಾನು ಮೇಲೆ ಒಯ್ದು ಕೊಡುತ್ತಿದ್ದೆ. "ಎಲ್ಲಿ ಹೋದ್ರೂ ಬಿಡಲ್ಲ ನೋಡು ನಿಮ್ಮಕ್ಕ" ಎಂದು ಭಾವ ತಟ್ಟೆಗೆ ಕೈ ಮುಗಿದು ಉಣ್ಣುತ್ತಿದ್ದರು. ದಿನದಿಂದ ದಿನಕ್ಕೆ ಎರಡು ತುತ್ತು ಇಳಿಯುವುದೂ ಕಷ್ಟವಾಯಿತು.

ಒಂದು ಮಧ್ಯಾಹ್ನ ಅಕ್ಕ ಏಪ್ರನ್ ಬಿಚ್ಚದೆಯೇ ಮೇಲೆ ಬಂದಳು. ನಾನು ಖಾಲಿ ತಟ್ಟೆಗಳನ್ನು ಗಾಡಿಗೆ ಜೋಡಿಸುತ್ತಿದ್ದೆ. ಅವಳು ಭಾವನ ಊದಿದ ಕಾಲನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿ ಏಳುತ್ತದೆಯೇ ಎಂದು ನೋಡುತ್ತ ನಿಂತಳು. ಅದು ಏಳಲಿಲ್ಲ.

"ನಿಜ ಹೇಳಿ. ಹೊರಗಡೆ ತಿಂತಿದ್ರಿ ತಾನೇ?"

ಭಾವ ಅವಳ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ನಾನು ತಟ್ಟೆ ಸದ್ದು ಮಾಡುವುದನ್ನು ನಿಲ್ಲಿಸಿದೆ.

"ನಾನು ಇಷ್ಟು ಕಣ್ಣಲ್ಲಿ ಕಣ್ಣಿಟ್ಟು ಮಾಡಿ ಹಾಕಿದೀನಿ. ಒಂದು ದಿನ ಕೈ ತಪ್ಪಿಲ್ಲ. ಆದ್ರೂ ಹೀಗೆ ಯಾಕಾಯ್ತು? ನನ್ನ ಊಟದಲ್ಲಿ ಏನು ಕಮ್ಮಿಯಾಯ್ತು, ಹೇಳಿ."

"ನಿನ್ನ ಊಟದಲ್ಲಿ ಏನೂ ಕಮ್ಮಿಯಾಗಿಲ್ಲ ಕಣೆ" ಎಂದರು ಭಾವ. ಆಮೇಲೆ ತುಂಟ ಹುಡುಗನ ಹಾಗೆ ಹಲ್ಲು ಬಿಟ್ಟು, "ತಿಂದೆ. ಮೀನಮ್ಮನ ಹತ್ರ ದಿನಾ ತಿಂದೆ. ಹುರಿದ ಮೀನು, ಮೇಲೆ ಉಪ್ಪು ಉದುರಿಸಿಕೊಂಡು. ನಾಲಿಗೆ ಕೇಳಲಿಲ್ಲ, ಏನ್ ಮಾಡ್ಲಿ?" ಎಂದರು.

ಅಕ್ಕನ ಮುಖದಲ್ಲಿ ಬಂದದ್ದು ಸಿಟ್ಟು. ಅದರ ಜೊತೆಗೆ ಇನ್ನೊಂದೂ ಬಂತು, ನನಗೆ ಆಗ ತಿಳಿಯಲಿಲ್ಲ. ಈಗ ಯೋಚಿಸಿದರೆ ಅದು ನೆಮ್ಮದಿ. ತಪ್ಪು ತನ್ನದಲ್ಲ ಎಂಬ ನೆಮ್ಮದಿ. ಅದರ ಮೇಲೆ ನಿಂತುಕೊಂಡೇ ಅವಳು ಬಾಯಿಗೆ ಬಂದಂತೆ ಬೈದಳು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಭಾವ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ಬೈಗುಳ ಮುಗಿದ ಮೇಲೆ ಒಂದೇ ಮಾತು ಕೇಳಿದರು: "ಚಿಲಕನ್ನ ಆಗಾಗ ಅಂಗಡಿ ಕಡೆ ಕರ್ಕೊಂಡು ಹೋಗ್ತಿರು. ಮೀನಮ್ಮನಿಗೆ ಹೇಳಿದ್ರೆ ನೋಡ್ಕೋತಾಳೆ. ಮರೀಬೇಡ."

"ಅಂಗಡಿಗೇ ಬೀಗ ಹಾಕಿದೆ, ಬೆಕ್ಕಿಗೆ ಅಲ್ಲೇನು ಕೆಲಸ?" ಎಂದು ಅಕ್ಕ ದಡದಡ ಮೆಟ್ಟಿಲಿಳಿದು ಹೋದಳು. ಆ ವಾರದಲ್ಲೇ ಒಂದು ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಆ ಹಾಸಿಗೆಯ ಸುತ್ತ ಪರದೆ ಎಳೆದಿತ್ತು.

ಗಂಡ ಸತ್ತವರು ಅಳುವುದನ್ನು ಕಂಡಿದ್ದೇನೆ. ಅಕ್ಕ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಸಾಂತ್ವನ ಹೇಳಲು ಬಂದವರಿಗೆಲ್ಲ, "ತಿಂದು ಸತ್ರು. ನಾಲಿಗೆಗೆ ಸೋತ್ರು. ನನ್ನ ಮಾತು ಕೇಳಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ರು" ಎಂದು ಒಂದೇ ರಾಗ. ಅವರ ಕೀಲಿಗೊಂಚಲನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದಳು, ಡಬ್ಬಿಯನ್ನು ಅಟ್ಟಕ್ಕೆ ಎಸೆದಳು. ರಾತ್ರಿಯ ಊಟಕ್ಕೆ ನಮ್ಮ ಮನೆಗೆ ಕರೆದರೆ ಬರುತ್ತಿರಲಿಲ್ಲ. ಬೆಕ್ಕಿದೆ, ಅದಕ್ಕೆ ಹಾಕಬೇಕು ಎನ್ನುತ್ತಿದ್ದಳು.

ಉಳಿದದ್ದು ಆ ಬೆಕ್ಕೊಂದೇ. ಇದನ್ನಾದರೂ ಸರಿಯಾಗಿ ಉಳಿಸಿಕೊಳ್ಳಬೇಕು ಎಂಬ ಹಟ ಅವಳಿಗೆ ಹಿಡಿಯಿತು. ಒಂದು ದಿನ ಚಿಲಕ ಕಿಟಕಿಯಿಂದ ಜಾರಿ ನಾಪತ್ತೆಯಾಯಿತು. ಹುಡುಕಿಕೊಂಡು ಇಬ್ಬರೂ ಮಾರ್ಕೆಟ್ ಬೀದಿಗೆ ಹೋದರೆ, ಮುಚ್ಚಿದ ಬೀಗದಂಗಡಿಯ ಮುಂದೆ ಕೂತು ಮೀನಿನ ತಲೆಯೊಂದನ್ನು ಕಚಕಚ ಅಗಿಯುತ್ತಿತ್ತು. ಮೀನಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಅಕ್ಕ ನುಗ್ಗಿ ಹೋದಳು. ಬೆಕ್ಕಿನ ಬಾಯಿಂದ ಮೀನು ಕಿತ್ತು ಚರಂಡಿಗೆ ಎಸೆದಳು.

"ನನ್ನ ಗಂಡನಿಗೆ ತಿನ್ನಿಸಿ ತಿನ್ನಿಸಿ ಸಾಯ್ಸಿದ್ದು ಸಾಲದಾ ನಿನಗೆ? ಈಗ ಇದಕ್ಕೂ ಶುರು ಮಾಡಿದ್ಯಾ?"

ಮೀನಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ತನ್ನ ಕಟ್ಟೆಗೆ ಹೋದಳು. ಮಾರನೆಯ ದಿನವೇ ಅಕ್ಕ ಕಿಟಕಿಗೆಲ್ಲ ಜಾಲರಿ ಹೊಡೆಸಿದಳು.

ಆಮೇಲಿನ ದಿನಗಳಲ್ಲಿ ಚಿಲಕಕ್ಕೆ ಸಿಕ್ಕ ಉಪಚಾರ ನಮ್ಮ ಆಸ್ಪತ್ರೆಯ ಸ್ಪೆಷಲ್ ವಾರ್ಡಿನವರಿಗೂ ಸಿಕ್ಕಿಲ್ಲ. ಹೊತ್ತುಹೊತ್ತಿಗೆ ಬಿಸಿಬಿಸಿ ಅನ್ನ, ನಾರು ತೆಗೆದು ಅರೆದ ತರಕಾರಿ, ಬೇಳೆಯ ಕಟ್ಟು, ಹಾಲು. ಹಸಿದರೆ ಯಾರಾದರೂ ತಿನ್ನುತ್ತಾರೆ, ಅದೂ ತಿಂದಿತು. "ನೋಡು, ಚಪಲ ಬಿಡ್ತು" ಎಂದು ಅಕ್ಕ ಅದರ ತಲೆ ಸವರಿದಳು. ಮೊದಲಿನ ಮಿಂಚು ಹೋಗಿ ಕೂದಲು ಒರಟಾಯಿತು. ಯಜಮಾನರನ್ನು ನೆನೆಸಿಕೊಂಡು ಕೊರಗುತ್ತಿದೆ ಎಂದಳು ಅಕ್ಕ. ನನಗೂ ಹಾಗೇ ಅನಿಸಿತು. ದುಃಖ ಎನ್ನುವುದು ಎಷ್ಟು ಅನುಕೂಲದ ಕಾರಣ ನೋಡಿ, ಏನಾದರೂ ಅದರ ಮೇಲೆ ಹಾಕಿಬಿಡಬಹುದು.

ವರ್ಷ ಕಳೆದ ಮೇಲೆ ಚಿಲಕ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯತೊಡಗಿತು. ಕಿಟಕಿಗೆ ಹಾರಲು ಹೋಗಿ ಗೋಡೆಗೆ ಬಡಿದು ಬಿತ್ತು. ಹಾಡಹಗಲಲ್ಲೂ ಅದರ ಕಣ್ಣು ಪೂರ್ತಿ ಕಪ್ಪಾಗಿ ಅಗಲವಾಗಿರುತ್ತಿತ್ತು. ಬಟ್ಟಲು ತುಸು ಪಕ್ಕಕ್ಕಿಟ್ಟರೆ ಗೊತ್ತಾಗದೆ ಖಾಲಿ ನೆಲ ಮೂಸುತ್ತಿತ್ತು. ಅಕ್ಕ ಅದಕ್ಕೆ ಕ್ಯಾರೆಟ್ಟು ಹೆಚ್ಚಿಸಿದಳು, ಕಣ್ಣಿಗೆ ಒಳ್ಳೆಯದೆಂದು. ಒಂದು ಭಾನುವಾರ ಅದು ಬಾಯಿ ತೆರೆದು ಏದುಸಿರು ಬಿಡುತ್ತ ಮಲಗಿತ್ತು. ಆ ಉಸಿರು ಅವಳಿಗೆ ಪರಿಚಯದ್ದು. ಬುಟ್ಟಿಗೆ ಟವಲು ಹಾಸಿ ಬೆಕ್ಕನ್ನು ಮಲಗಿಸಿಕೊಂಡು ನನ್ನನ್ನೂ ಎಳೆದುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದ ಮಾತು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆಯ ಮೇಲೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು.

"ಏನು ಊಟ ಹಾಕ್ತಿದ್ದೀರಿ?"

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲ ಹೇಳಿದಳು. ಹೊಗಳುತ್ತಾರೆಂದೇ ಅಂದುಕೊಂಡಿದ್ದಳು.

"ಮಾಂಸ? ಮೀನು?"

"ಒಂದು ಚೂರೂ ಇಲ್ಲ."

ಡಾಕ್ಟರಮ್ಮ ಕೊಳವೆಯನ್ನು ಕೊರಳಿಗೆ ಹಾಕಿಕೊಂಡರು. "ಅಮ್ಮಾ, ನಾಯಿಯಾದ್ರೆ ಅನ್ನ ತರಕಾರಿಯಲ್ಲಿ ಹೇಗೋ ನೋಡಿಕೊಂಡು ಸಾಕಬಹುದು. ಬೆಕ್ಕಿಗಾಗಲ್ಲ. ಅದರ ಮೈಗೆ ಬೇಕಾದ ಒಂದು ಸತ್ವ ಮಾಂಸದಲ್ಲಿ ಮಾತ್ರ ಸಿಗೋದು. ಅದಿಲ್ಲದಿದ್ರೆ ನಿಧಾನಕ್ಕೆ ಕಣ್ಣು ಹೋಗುತ್ತೆ, ಹೃದಯ ಸೋಲುತ್ತೆ. ಎರಡೂ ಆಗಿದೆ. ಹೃದಯಕ್ಕೆ ಔಷಧಿ ಕೊಡ್ತೀನಿ, ಊಟ ಬದಲಾಯಿಸಿದ್ರೆ ಸುಧಾರಿಸಬಹುದು. ಕಣ್ಣು ಮಾತ್ರ ವಾಪಸ್ ಬರಲ್ಲ."

"ಅಂದ್ರೆ... ನನ್ನ ಊಟದಿಂದಾನಾ?"

"ಮನುಷ್ಯರಿಗೆ ಅದಕ್ಕಿಂತ ಒಳ್ಳೇ ಊಟ ಇಲ್ಲ. ಇದು ಮನುಷ್ಯ ಅಲ್ವಲ್ಲಮ್ಮ. ಎಷ್ಟು ದಿನದಿಂದ ಹಾಕ್ತಿದ್ದೀರಿ?"

"ನಮ್ಮೆಜಮಾನ್ರಿಗೆ ಕಾಯಿಲೆ ಬಂದಾಗಿನಿಂದ್ಲೂ ನಮ್ಮನೇಲಿ ಮಾಂಸ ಇಲ್ಲ. ವರ್ಷಾನುಗಟ್ಲೆ ಇದೇ ತಿಂದು ಮಿಂಚ್ತಾ ಇತ್ತು. ನಾನೇ ಹಾಕಿದೀನಲ್ಲ!" ಅಕ್ಕನ ದನಿ ಏರಿತು.

"ಸಾಧ್ಯವೇ ಇಲ್ಲ" ಎಂದರು ಡಾಕ್ಟರಮ್ಮ, ಮೆತ್ತಗೆ. "ಹಾಗಾಗಿದ್ರೆ ಯಾವಾಗಲೋ ಕುರುಡಾಗಿರ್ತಿತ್ತು. ಯಾರೋ ದಿನಾ ಮಾಂಸ ಕೊಡ್ತಿದ್ರು. ಈಗ ಒಂದು ಒಂದೂವರೆ ವರ್ಷದಿಂದ ನಿಂತಿದೆ." ಔಷಧಿ ಬರೆಯುತ್ತ, ಕೋಳಿಯ ಮಾಂಸ, ಗುಂಡಿಗೆ, ಮೀನು, ಆಗಾಗ ಸ್ವಲ್ಪ ಈಲಿ, ಅಂದರೆ ಲಿವರ್, ಎಲ್ಲ ಬೇಯಿಸಿ ಹಾಕಿ ಎಂದರು. "ಉಪ್ಪು ಮಾತ್ರ ಹಾಕಬೇಡಿ."

ಹೊರಗೆ ಬಂದ ಮೇಲೆ ಅಕ್ಕ ಮನೆಯ ದಾರಿ ಹಿಡಿಯಲಿಲ್ಲ. ಬುಟ್ಟಿಯನ್ನು ಎದೆಗೊತ್ತಿಕೊಂಡು ಮಾರ್ಕೆಟ್ ಬೀದಿಗೆ ನಡೆದಳು. ನಾನು ಹಿಂದೆ ಹಿಂದೆ. ಮೀನಮ್ಮ ನಮ್ಮನ್ನು ನೋಡಿ ಚಾಕು ಕೆಳಗಿಟ್ಟಳು, ಇನ್ನೊಂದು ಸಲ ಬೈಸಿಕೊಳ್ಳಲು ತಯಾರಾದವಳ ಹಾಗೆ. ಅಕ್ಕ ಬುಟ್ಟಿಯ ಮೇಲಿನ ಟವಲು ಸರಿಸಿದಳು. ಮೀನಿನ ವಾಸನೆಗೆ ಚಿಲಕ ತಲೆಯೆತ್ತಿತು. ಅದರ ಕಣ್ಣು ನೋಡಿ ಮೀನಮ್ಮನಿಗೆ ಅರ್ಥವಾಯಿತು.

"ಅಯ್ಯೋ ಕೂಸೇ" ಎಂದು ಅವಳು ಬಾಗಿದಳು.

"ಅವರು ಇದಕ್ಕೆ ಇಲ್ಲಿ ತಿನ್ನಿಸ್ತಿದ್ರಾ?"

"ದಿನಾ ತಿನ್ನಿಸ್ತಿದ್ರಮ್ಮ. ಮೀನಿನ ತಲೆ, ಸಣ್ಣ ಮೀನು. ಕೋಳಿ ಅಂಗಡಿಯಿಂದ ಗುಂಡಿಗೆನೂ ತರ್ತಿದ್ರು. ಕೀಲಿಗೊಂಚಲು ಗಲಗಲ ಅನ್ಸಿದ್ರೆ ಎಲ್ಲಿದ್ರೂ ಓಡಿ ಬರ್ತಿತ್ತು. ಅಂಗೈಲಿಟ್ಟು ತಿನ್ಸೋರು. 'ಮನೇಲಿ ಹೇಳ್ಬೇಡಮ್ಮ ತಾಯಿ, ಇದರ ಮೈ ಮಿಂಚೋದು ತನ್ನ ಕೈಗುಣ ಅಂತ ನನ್ನ ಹೆಂಡ್ತಿ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾಳೆ, ಆ ಖುಷಿ ಯಾಕೆ ಕಿತ್ಕೊಳ್ಳೋದು' ಅಂತ ನಗೋರು. ಆಮೇಲೆ ನನ್ನ ನಲ್ಲಿ ಹತ್ರ ಕೂತು ಸೋಪು ಹಚ್ಚಿ ಕೈ ಉಜ್ಜೋರು, ಡಬ್ಬಿ ಉಜ್ಜೋರು. ಮೀನು ಮುಟ್ಟಿದ ಕೈಯಲ್ಲಿ ಡಬ್ಬಿ ಮುಟ್ಟಿದೀನಿ, ವಾಸನೆ ಹೋಯ್ತಾ ನೋಡಮ್ಮ ಅಂತ ನನ್ನ ಮೂಗಿಗೆ ಹಿಡಿಯೋರು. ಮೀನು ಮಾರೋಳ ಮೂಗಿಗೆ ಏನು ಗೊತ್ತಾಗುತ್ತೆ ಹೇಳಿ!"

ಅಕ್ಕ ನಿಂತೇ ಇದ್ದಳು. ಅವಳ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಾಯಿತು. ಕೇಳದಿದ್ದರೆ ಸಾಕಪ್ಪ ಎಂದುಕೊಂಡೆ.

"ಅವರು? ಅವರು ನಿನ್ನ ಹತ್ರ ತಿಂತಿದ್ರಲ್ಲ, ಹುರಿದಿದ್ದು?"

"ನಿಮ್ಮೆಜಮಾನ್ರಾ? ಇಲ್ಲಮ್ಮ!" ಮೀನಮ್ಮ ಬೆಚ್ಚಿದಳು. "ಎಷ್ಟು ಸಲ ಕರೆದಿದೀನಿ ನಾನು. ಒಂದು ತುಂಡು ತಿನ್ನಿ ಅಣ್ಣಾ, ಯಾರಿಗೂ ಗೊತ್ತಾಗಲ್ಲ ಅಂತ. ಬಾಣಲೆ ವಾಸನೆಗೆ ಕಣ್ಣು ಮುಚ್ಕೊಂಡು ಉಸಿರೆಳ್ಕೊಳ್ಳೋರು, ಅಷ್ಟೇ. 'ಅವಳೂ ಸಪ್ಪೆನೇ ತಿಂತಾಳಮ್ಮ ನನಗೋಸ್ಕರ. ನಾನು ಇಲ್ಲಿ ತಿಂದ್ರೆ ಹೇಗೆ?' ಅನ್ನೋರು. ಡಬ್ಬಿ ತೆಗೆದು ಕೊನೇ ಅಗುಳಿನವರೆಗೂ ತಿನ್ನೋರು. ಅವತ್ತು ನೀವು ಬಂದು ಬೈದ್ರಲ್ಲ, ಹೇಳೋಣ ಅಂತಿದ್ದೆ. ಗಂಡನ್ನ ಕಳ್ಕೊಂಡವರ ಕೋಪ, ಎದುರು ಮಾತಾಡ್ಬಾರ್ದು ಅಂತ ಸುಮ್ಮನಾದೆ."

ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಯಾರೋ ಮೀನಿನ ದರ ಕೇಳುತ್ತಿದ್ದರು. ಅಕ್ಕ ಮುಚ್ಚಿದ ಬೀಗದಂಗಡಿಯ ಮುಂದೆ, ಒಂದು ಕಾಲದಲ್ಲಿ ಬೆಕ್ಕು ಕೂರುತ್ತಿದ್ದ ಜಾಗದಲ್ಲಿ ಕೂತುಬಿಟ್ಟಳು. "ತಿಂದೆ ಅಂದ್ರಲ್ಲೇ" ಎಂದಳು ನನಗೆ. "ನೀನೂ ಇದ್ಯಲ್ಲೇ ಅಲ್ಲಿ. ಬಾಯ್ಬಿಟ್ಟು ತಿಂದೆ ಅಂದ್ರಲ್ಲೇ." ಹೌದಕ್ಕ, ಅಂದರು ಎಂದೆ. ಇಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿ, ಅದರ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡು ಹೋದ ಆ ಮನುಷ್ಯನ ಮೇಲೆ ನನಗೆ ಆ ಹೊತ್ತಿನಲ್ಲಿ ಕೆಟ್ಟ ಕೋಪ ಬಂತು. ನೀವು ಅವಳನ್ನು ಉಳಿಸಲು ಹೋಗಿ ಎಲ್ಲಿಗೆ ತಂದು ನಿಲ್ಲಿಸಿದಿರಿ ನೋಡಿ ಭಾವ, ಎನ್ನಬೇಕೆನಿಸಿತು. ಕೋಪ ಇಳಿದ ಮೇಲೆ ಅಳು ಬಂತು.

ಮೀನಮ್ಮ ಎಲೆಯಲ್ಲಿ ಸಣ್ಣ ಮೀನು ಕಟ್ಟಿ ಕೊಟ್ಟಳು. ಅಕ್ಕ ಅದನ್ನು ತೆಗೆದುಕೊಳ್ಳುವಾಗ ಅವಳ ಕೈಯನ್ನೂ ಹಿಡಿದುಕೊಂಡಳು. ಕ್ಷಮಿಸು ಎಂದಳೋ ಏನೋ, ನನಗೆ ಕೇಳಿಸಲಿಲ್ಲ. ಮೀನಮ್ಮ ಮಾತ್ರ, "ಬಿಡಿ ಬಿಡಿ, ಮೊದಲು ಇದಕ್ಕೆ ಹಾಕಿ" ಎನ್ನುತ್ತಿದ್ದಳು.

ಮನೆಯಲ್ಲಿ ಅಕ್ಕ ಮೀನು ಬೇಯಿಸಿದಳು. ಮುಳ್ಳು ಬಿಡಿಸಿ, ಆರಿಸಿ, ಬಟ್ಟಲಿಗೆ ಹಾಕಿ ಮುಂದಿಟ್ಟಳು. ಏದುಸಿರಿನ ಬೆಕ್ಕು ಮೂಸಿ ಮುಖ ತಿರುಗಿಸಿತು. ಆ ಬಟ್ಟಲು ಮೂಗಿಗೆ ತಾಗಿದರೆ ಅದಕ್ಕೆ ಏನು ನೆನಪಾಗುತ್ತಿತ್ತೋ. ಅಕ್ಕ ಎದ್ದು ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಕೀಲಿಗೊಂಚಲು ತೆಗೆದಳು. ಒಮ್ಮೆ ಅಲ್ಲಾಡಿಸಿದಳು.

ಚಿಲಕದ ಕಿವಿ ನಿಮಿರಿತು. ಎದ್ದಿತು. ಮೇಜಿನ ಕಾಲಿಗೆ ಬಡಿದು, ತಡವರಿಸಿ, ಮತ್ತೆ ಸದ್ದಿನ ಕಡೆಗೆ ತಿರುಗಿ, ಓಡಲಾಗದ ಕಾಲಿನಲ್ಲಿ ಓಡಿ ಬಂತು. ಅಕ್ಕ ಅಂಗೈಯಲ್ಲಿ ಮೀನಿಟ್ಟುಕೊಂಡು ನೆಲದಲ್ಲಿ ಕೂತಿದ್ದಳು. ಅದು ಗಬಗಬ ತಿಂದಿತು, ಅಂಗೈಯನ್ನು ನೆಕ್ಕಿ ನೆಕ್ಕಿ ಒರೆಸಿತು. ನಾನು ಅಬ್ಬ ಎಂದು ಉಸಿರು ಬಿಟ್ಟೆ.

ತಿಂದಾದ ಮೇಲೆ ಅದು ಅಕ್ಕನ ಕೈ ಮೂಸಿತು, ಮಣಿಕಟ್ಟು ಮೂಸಿತು, ತೋಳಿನವರೆಗೂ ಮೂಸಿತು. ಹುಡುಕಿದ್ದು ಅಲ್ಲಿ ಇರಲಿಲ್ಲ. ಅವಳ ತೊಡೆಯನ್ನು ಸುತ್ತು ಹಾಕಿ, ಗೋಡೆಗೆ ಮೈ ತಾಗಿಸಿಕೊಂಡು ಬಾಗಿಲವರೆಗೂ ಹೋಗಿ, ಅದರ ಕಡೆಗೆ ಮುಖ ಮಾಡಿ ಕೂತಿತು.

ಚಿಲಕ ಬದುಕಿದೆ. ಡಾಕ್ಟರಮ್ಮನ ಔಷಧಿಗೋ ಮೀನಮ್ಮನ ಮೀನಿಗೋ ಅದರ ಎದೆ ಸುಧಾರಿಸಿತು, ಮೈಗೆ ಮತ್ತೆ ಮಿಂಚು ಬಂತು. ಅಕ್ಕ ಈಗಲೂ ಒಳಗೋಡೆಯ ಸಾಲಿನಲ್ಲಿ ನಿಂತು ಗಂಜಿ ಕುದಿಸುತ್ತಾಳೆ. ಕದ್ದು ತಿಂದಿರಬೇಕು ಎಂಬ ಮಾತನ್ನು ಮಾತ್ರ ಆಮೇಲೆ ಅವಳ ಬಾಯಲ್ಲಿ ನಾನು ಕೇಳಿಲ್ಲ. ಅಟ್ಟದಿಂದ ಆ ಡಬ್ಬಿಯನ್ನು ಇಳಿಸಿಕೊಂಡಿದ್ದಾಳೆ; ಬೆಕ್ಕಿನ ಮೀನು ತರುವುದು ಅದರಲ್ಲೇ, ತೊಳೆದು ವಾಸನೆ ನೋಡುವುದೂ ಅದನ್ನೇ. ದಿನಾ ಸಂಜೆ ಕೀಲಿಗೊಂಚಲಿನ ಸದ್ದು ನಮ್ಮ ಮನೆಗೆ ಕೇಳಿಸುತ್ತದೆ. ಬೆಕ್ಕು ಬರುತ್ತದೆ, ತಿನ್ನುತ್ತದೆ, ಹೋಗಿ ಬಾಗಿಲ ಮುಂದೆ ಕೂರುತ್ತದೆ.

ಮೊನ್ನೆ ನಾನು ಏನೋ ಕೊಡಲೆಂದು ಅವರ ಬಾಗಿಲಿಗೆ ಹೋದೆ. ತಟ್ಟಲು ಕೈ ಎತ್ತಿದವಳು ಹಾಗೇ ನಿಂತೆ. ಒಳಗಿನಿಂದ, ಬಾಗಿಲಿಗೆ ತೀರಾ ಹತ್ತಿರದಿಂದ, ಅಕ್ಕನ ದನಿ ಕೇಳಿಸುತ್ತಿತ್ತು. ಬೆಕ್ಕಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳೆಂದು ಕಾಣುತ್ತದೆ.

"ಕಾಯ್ಬೇಡ ಕಣೋ, ಬರಲ್ಲ ಅವರು" ಎನ್ನುತ್ತಿದ್ದಳು. "ಒಂದು ತುತ್ತೂ ಆಚೆ ತಿಂದಿರಲಿಲ್ಲ. ನಾನು ಬೈದೇ ಕಳಿಸಿಬಿಟ್ಟೆ."